ಕೆಟ್ಟ ಜೀನ್ ಹಾಗೆಯೇ ಇದೆ, ಕಾಯಿಲೆ ಮಾತ್ರ ಅಡಗಿದೆ

2023ರ ನವೆಂಬರ್ 16ರಂದು ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆ ಕ್ಯಾಸ್‌ಜೆವಿ ಎಂಬ ಚಿಕಿತ್ಸೆಗೆ ಅನುಮತಿ ನೀಡಿತು. ಮೂರು ವಾರ ಕಳೆದು ಡಿಸೆಂಬರ್ 8ರಂದು ಅಮೆರಿಕದ ಎಫ್‌ಡಿಎ ಕೂಡ ಒಪ್ಪಿತು. ಕ್ರಿಸ್ಪರ್ ತಂತ್ರದಿಂದ ಮನುಷ್ಯರ ಡಿಎನ್‌ಎ ತಿದ್ದುವ ಚಿಕಿತ್ಸೆಗೆ ಜಗತ್ತಿನಲ್ಲಿ ಸಿಕ್ಕ ಮೊದಲ ಅನುಮತಿ ಬ್ರಿಟನ್ನಿನದು. ಕಾಯಿಲೆ ಕುಡುಗೋಲು ಕಣ ರಕ್ತಹೀನತೆ, ನಮ್ಮ ಆಸ್ಪತ್ರೆಗಳಲ್ಲಿ ಎಲ್ಲರೂ ಕರೆಯುವ ಹಾಗೆ ಸಿಕಲ್ ಸೆಲ್. ವಿಜ್ಞಾನಿಗಳು ಕೊನೆಗೂ ಕೆಟ್ಟ ಜೀನನ್ನು ರಿಪೇರಿ ಮಾಡಿದರು ಎಂದು ಸುದ್ದಿ ಓದಿದ ಯಾರಿಗಾದರೂ ಅನ್ನಿಸುವುದು ಸಹಜ. ನಡೆದದ್ದು ಮಾತ್ರ ಬೇರೆಯೇ. ಚಿಕಿತ್ಸೆ ಪಡೆದವರ ಕೆಟ್ಟ ಜೀನ್ ಇಂದಿಗೂ 11ನೆಯ ವರ್ಣತಂತುವಿನಲ್ಲಿ ಹಾಗೆಯೇ ಕುಳಿತಿದೆ, ತಪ್ಪು ಪ್ರೋಟೀನನ್ನು ತಯಾರಿಸುತ್ತಲೂ ಇದೆ. ಕತ್ತರಿ ಬಿದ್ದದ್ದು 2ನೆಯ ವರ್ಣತಂತುವಿನಲ್ಲಿರುವ, ತಾನಾಗಿ ಯಾವ ಪ್ರೋಟೀನನ್ನೂ ತಯಾರಿಸದ ಒಂದು ಪುಟ್ಟ ತುಣುಕಿಗೆ. ಅಲ್ಲಿ ಏನನ್ನೂ ಸರಿಪಡಿಸಲಿಲ್ಲ. ಚೆನ್ನಾಗಿದ್ದದ್ದನ್ನು ಬೇಕೆಂದೇ ಕೆಡಿಸಿದರು.

ಜೀವಕೋಶ ತನ್ನ ಜೀನ್‌ಗಳನ್ನು ಹೇಗೆ ಹತೋಟಿಯಲ್ಲಿಡುತ್ತದೆ ಎಂದು ಕೇಳಿದರೆ ಪಠ್ಯಪುಸ್ತಕಗಳು ಬ್ಯಾಕ್ಟೀರಿಯಾದ ಲ್ಯಾಕ್ ಓಪೆರಾನ್ ಎಂಬ, ಹಾಲಿನ ಸಕ್ಕರೆಯನ್ನು ಅರಗಿಸುವ ಜೀನ್‌ಗಳ ಗುಂಪಿನ ಕಡೆಗೆ ಬೆರಳು ತೋರಿಸುತ್ತವೆ. ಒಳ್ಳೆಯ ಉದಾಹರಣೆಯೇ, ಆದರೆ ಅದು ಒಂದೇ ಕೋಶದ ಜೀವಿಯ ಸಂಸಾರ. ನೂರಾರು ಬಗೆಯ ಕೋಶಗಳು ಒಂದೇ ಡಿಎನ್‌ಎ ಇಟ್ಟುಕೊಂಡು ಬೇರೆ ಬೇರೆ ಬದುಕು ನಡೆಸುವ ಮನುಷ್ಯದೇಹದಲ್ಲಿ ಈ ಹತೋಟಿ ಎಷ್ಟು ಪದರಗಳಲ್ಲಿ ನಡೆಯುತ್ತದೆ ಎಂಬುದನ್ನು ನೋಡಬೇಕಾದರೆ, ಈ ಪ್ರಕರಣದಷ್ಟು ತೆರೆದಿಟ್ಟ ಇನ್ನೊಂದು ನನಗೆ ಗೊತ್ತಿಲ್ಲ.

ಮೊದಲ ತಿಂಗಳುಗಳ ರಕ್ಷೆ

ಕಾಯಿಲೆಯ ಮೂಲ ಒಂದೇ ಒಂದು ಅಕ್ಷರ. ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್‌ನ ಒಂದು ಭಾಗವಾದ ಬೀಟಾ ಗ್ಲೋಬಿನ್‌ನ ಜೀನಿನಲ್ಲಿ ಜಿಎಜಿ ಎಂದಿರಬೇಕಾದ ಕಡೆ ಜಿಟಿಜಿ ಎಂದಾಗಿದೆ. ಅದರಿಂದ ಪ್ರೋಟೀನಿನ ಆರನೆಯ ಸ್ಥಾನದಲ್ಲಿ ಗ್ಲುಟಾಮಿಕ್ ಆಮ್ಲ ಹೋಗಿ ವ್ಯಾಲೀನ್ ಬರುತ್ತದೆ. ಈ ರೋಗಿಗಳ ಹಿಮೋಗ್ಲೋಬಿನ್ ಅಣುವೇ ಬೇರೆ ಎಂದು 1949ರಲ್ಲಿ ಲೈನಸ್ ಪೌಲಿಂಗ್ ತಂಡ ತೋರಿಸಿತು. ಬದಲಾದ ಅಮೈನೋ ಆಮ್ಲ ಯಾವುದೆಂದು ಕೆಲವೇ ವರ್ಷಗಳಲ್ಲಿ ಕೇಂಬ್ರಿಜ್‌ನಲ್ಲಿ ವರ್ನನ್ ಇನ್‌ಗ್ರಾಂ ಹಿಡಿದರು. ಆಮ್ಲಜನಕ ಬಿಟ್ಟುಕೊಟ್ಟ ಮೇಲೆ ಈ ಅಣುಗಳು ಒಂದಕ್ಕೊಂದು ಅಂಟಿ ಉದ್ದನೆಯ ಎಳೆಗಳಾಗುತ್ತವೆ. ಮೆತ್ತಗಿರಬೇಕಾದ ಕೆಂಪು ಕಣ ಬಿಗಿದು ಬಾಗುತ್ತದೆ, ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಸುಮಾರು 120 ದಿನ ಬಾಳಬೇಕಾದ ಕಣ 10ರಿಂದ 20 ದಿನಗಳಲ್ಲಿ ಒಡೆದು ಹೋಗುತ್ತದೆ. ರೋಗಿಯ ಪಾಲಿಗೆ ಇದರ ಅರ್ಥ ಮೂಳೆ ಮುರಿದಂತಹ ನೋವು, ಪದೇ ಪದೇ ಆಸ್ಪತ್ರೆ, ಕಾಲ ಕಳೆದಂತೆ ಮೂತ್ರಪಿಂಡ, ಶ್ವಾಸಕೋಶ, ಮೆದುಳಿಗೆ ಪೆಟ್ಟು.

ವಿಚಿತ್ರವೆಂದರೆ ಈ ಜೀನಿನ ಎರಡೂ ಪ್ರತಿಗಳು ಕೆಟ್ಟು ಹುಟ್ಟಿದ ಮಗು ಮೊದಲ ಕೆಲವು ತಿಂಗಳು ಆರಾಮವಾಗಿರುತ್ತದೆ. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಮಕ್ಕಳ ವೈದ್ಯೆಯಾಗಿದ್ದ ಜಾನೆಟ್ ವಾಟ್ಸನ್ 1948ರಲ್ಲೇ ಇದನ್ನು ಗಮನಿಸಿ ಬರೆದರು. ನವಜಾತ ಶಿಶುಗಳ ರಕ್ತದಲ್ಲಿ ಕುಡುಗೋಲಾಗುವ ಕಣಗಳು ತೀರ ಕಡಿಮೆ ಇದ್ದವು. ತಾಯಿಯ ಹೊಟ್ಟೆಯಲ್ಲಿದ್ದಾಗ ತಯಾರಾದ ಬೇರೊಂದು ಬಗೆಯ ಹಿಮೋಗ್ಲೋಬಿನ್ ಮಗುವನ್ನು ಕಾಯುತ್ತಿರಬೇಕು ಎಂಬುದು ಅವರ ಊಹೆ. ಪೌಲಿಂಗ್ ಅವರ ಪ್ರಸಿದ್ಧ ಪ್ರಬಂಧಕ್ಕಿಂತ ಒಂದು ವರ್ಷ ಮೊದಲು ಬಂದ ಈ ಊಹೆಯೇ ಎಪ್ಪತ್ತೈದು ವರ್ಷಗಳ ನಂತರದ ಚಿಕಿತ್ಸೆಯ ಬೀಜ. ಇಷ್ಟಾಗಿಯೂ ಪೌಲಿಂಗ್ ಹೆಸರು ಎಲ್ಲರಿಗೂ ಗೊತ್ತು, ವಾಟ್ಸನ್ ಎಂದರೆ ಡಿಎನ್‌ಎಯ ಇನ್ನೊಬ್ಬ ವಾಟ್ಸನ್ ನೆನಪಾಗುತ್ತಾರೆ.

ಅವರ ಊಹೆ ನಿಜವಾಯಿತು. ದೊಡ್ಡವರ ಹಿಮೋಗ್ಲೋಬಿನ್‌ನಲ್ಲಿ ಎರಡು ಆಲ್ಫಾ, ಎರಡು ಬೀಟಾ ಸರಪಳಿಗಳಿದ್ದರೆ ಭ್ರೂಣದ ಹಿಮೋಗ್ಲೋಬಿನ್‌ನಲ್ಲಿ ಬೀಟಾ ಜಾಗದಲ್ಲಿ ಗಾಮಾ ಇರುತ್ತದೆ. ಇದು ಆಮ್ಲಜನಕವನ್ನು ಹೆಚ್ಚು ಬಿಗಿಯಾಗಿ ಹಿಡಿಯುತ್ತದೆ, ತಾಯಿಯ ರಕ್ತದಿಂದ ಎಳೆದುಕೊಳ್ಳಲು ಅದೇ ಬೇಕು. ಸಿಕಲ್ ಸೆಲ್ ವಿಷಯದಲ್ಲಿ ಗಾಮಾದ ಇನ್ನೊಂದು ಗುಣ ಮುಖ್ಯ. ಬೀಟಾದ 87ನೆಯ ಸ್ಥಾನದಲ್ಲಿ ಥ್ರಿಯೋನೀನ್ ಇರುವ ಕಡೆ ಗಾಮಾದಲ್ಲಿ ಗ್ಲುಟಮೀನ್ ಇದೆ. ಈ ಗ್ಲುಟಮೀನ್ ಎಳೆಯ ಹೆಣಿಗೆಗೆ ಹೊಂದುವುದಿಲ್ಲ. ಭ್ರೂಣದ ಹಿಮೋಗ್ಲೋಬಿನ್ ಸಾಕಷ್ಟು ಬೆರೆತಿರುವ ಕಣದಲ್ಲಿ ಎಳೆ ಬೆಳೆಯಲಾರದು.

ಹುಟ್ಟುವಾಗ ಮಗುವಿನ ಹಿಮೋಗ್ಲೋಬಿನ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಈ ಭ್ರೂಣದ ಬಗೆಯೇ. ನಂತರ ಅದು ಇಳಿಯುತ್ತ ಹೋಗಿ ದೊಡ್ಡವರಲ್ಲಿ ಶೇಕಡಾ 1ಕ್ಕಿಂತ ಕೆಳಗೆ ನಿಲ್ಲುತ್ತದೆ. ಗಾಮಾ ಜೀನ್‌ಗೆ ಏನೂ ಆಗಿರುವುದಿಲ್ಲ, ಒಂದಕ್ಷರವೂ ಅಳಿಸಿರುವುದಿಲ್ಲ. ಎಪ್ಪತ್ತು ವರ್ಷದ ಅಜ್ಜಿಯ ಅಸ್ಥಿಮಜ್ಜೆಯಲ್ಲೂ ಅದು ಸುಸ್ಥಿತಿಯಲ್ಲೇ ಇರುತ್ತದೆ. ಅದನ್ನು ಓದಬೇಡವೆಂದು ಯಾರೋ ಹೇಳಿರುತ್ತಾರೆ. ಯಾರು, ಹೇಗೆ ಎಂಬುದೇ ಪ್ರಶ್ನೆ.

ಸಾಲಾಗಿ ನಿಂತ ಐದು ಜೀನ್‌ಗಳು

11ನೆಯ ವರ್ಣತಂತುವಿನಲ್ಲಿ ಬೀಟಾ ಕುಟುಂಬದ ಐದು ಜೀನ್‌ಗಳು ಒಂದರ ಪಕ್ಕ ಒಂದು ನಿಂತಿವೆ: ಎಪ್ಸಿಲಾನ್, ಎರಡು ಗಾಮಾಗಳು, ಡೆಲ್ಟಾ, ಕೊನೆಗೆ ಬೀಟಾ. ಅವು ನಿಂತ ಕ್ರಮವೇ ಜೀವನದಲ್ಲಿ ಅವುಗಳ ಸರದಿ ಬರುವ ಕ್ರಮ. ಗರ್ಭದ ಮೊದಲ ವಾರಗಳಲ್ಲಿ ಎಪ್ಸಿಲಾನ್, ಆಮೇಲೆ ಭ್ರೂಣದ ಯಕೃತ್ತಿನಲ್ಲಿ ರಕ್ತ ತಯಾರಾಗುವಾಗ ಗಾಮಾ, ಹೆರಿಗೆಯ ಆಸುಪಾಸಿನಲ್ಲಿ ಶುರುವಾಗಿ ಮುಂದೆ ಬದುಕಿಡೀ ಬೀಟಾ. ಡೆಲ್ಟಾ ಹೆಸರಿಗಷ್ಟೇ, ಅದರ ಉತ್ಪಾದನೆ ಬಹಳ ಕಡಿಮೆ.

ಇವುಗಳ ಆಚೆ, ಎಪ್ಸಿಲಾನ್‌ಗಿಂತಲೂ ಮೇಲೆ, ಯಾವ ಪ್ರೋಟೀನಿಗೂ ಸಂಬಂಧಪಡದ ಒಂದು ಡಿಎನ್‌ಎ ಪ್ರದೇಶವಿದೆ. ಎಲ್‌ಸಿಆರ್ ಎಂದು ಕರೆಯುವ ಈ ಪ್ರದೇಶವನ್ನು 1980ರ ದಶಕದಲ್ಲಿ ಗುರುತಿಸಿದರು. ಇದಿಲ್ಲದಿದ್ದರೆ ಬೀಟಾ ಜೀನ್ ಇದ್ದೂ ಇಲ್ಲದ ಹಾಗೆ. ಸುಮಾರು 50 ಸಾವಿರ ಅಕ್ಷರ ದೂರದಲ್ಲಿರುವ ತುಣುಕು ಜೀನೊಂದನ್ನು ನಡೆಸುವುದು ಹೇಗೆ? ಡಿಎನ್‌ಎ ಬಾಗುತ್ತದೆ. ಎಲ್‌ಸಿಆರ್ ಮತ್ತು ಆ ಹೊತ್ತಿಗೆ ಕೆಲಸದಲ್ಲಿರುವ ಜೀನು ಹತ್ತಿರ ಬಂದು ಸೇರುತ್ತವೆ, ನಡುವಿನ ಡಿಎನ್‌ಎ ಕುಣಿಕೆಯಾಗಿ ಹೊರಗೆ ಉಳಿಯುತ್ತದೆ. 2002ರಲ್ಲಿ ರಾಟರ್‌ಡ್ಯಾಮ್‌ನ ಸಂಶೋಧಕರು ಇಲಿಯ ಕೋಶಗಳಲ್ಲಿ ಇದನ್ನು ಅಳೆದು ತೋರಿಸಿದರು. ಎಲ್‌ಸಿಆರ್ ಒಂದೇ, ಅದಕ್ಕಾಗಿ ಕೈಚಾಚುವ ಜೀನ್‌ಗಳು ಹಲವು. ಗಾಮಾಕ್ಕೆ ಸಿಕ್ಕರೆ ಬೀಟಾಕ್ಕೆ ಕಡಿಮೆ, ಬೀಟಾಕ್ಕೆ ಸಿಕ್ಕರೆ ಗಾಮಾಕ್ಕೆ ಕಡಿಮೆ. ಗೆರ್ಡ್ ಬ್ಲೋಬೆಲ್ ಅವರ ಪ್ರಯೋಗಾಲಯ 2014ರಲ್ಲಿ ದೊಡ್ಡವರ ಕೆಂಪು ಕಣಗಳ ಪೂರ್ವಜ ಕೋಶಗಳಲ್ಲಿ ಈ ಕುಣಿಕೆಯನ್ನು ಬಲವಂತವಾಗಿ ಗಾಮಾ ಕಡೆಗೆ ತಿರುಗಿಸಿತು. ಮಲಗಿದ್ದ ಗಾಮಾ ಎದ್ದಿತು, ಬೀಟಾ ಇಳಿಯಿತು.

ಈ ಐದೂ ಜೀನ್‌ಗಳು ನಮ್ಮ ನರಕೋಶಗಳಲ್ಲೂ, ಚರ್ಮದಲ್ಲೂ ಇವೆ. ಅಲ್ಲಿ ಈ ಪ್ರದೇಶದ ಡಿಎನ್‌ಎ ಹಿಸ್ಟೋನ್ ಪ್ರೋಟೀನುಗಳ ಸುತ್ತ ಬಿಗಿಯಾಗಿ ಸುತ್ತಿಕೊಂಡಿರುತ್ತದೆ, ಓದುವ ಯಂತ್ರಕ್ಕೆ ಒಳಗೆ ಹೋಗಲು ದಾರಿಯೇ ಇಲ್ಲ. ಬಿಚ್ಚಿಕೊಳ್ಳುವುದು ಕೆಂಪು ಕಣವಾಗಲಿರುವ ಕೋಶಗಳಲ್ಲಿ ಮಾತ್ರ. ಬಿಚ್ಚುವ ಕೆಲಸದಲ್ಲಿ ಮುಖ್ಯ ಪಾತ್ರ ಗಾಟಾ-1 ಎಂಬ ಪ್ರೋಟೀನಿನದು. ಡಿಎನ್‌ಎಯಲ್ಲಿ ಜಿಎಟಿಎ ಎಂಬ ಅಕ್ಷರಗಳನ್ನು ಹುಡುಕಿ ಕೂರುವುದರಿಂದ ಅದಕ್ಕೆ ಆ ಹೆಸರು. ಈ ಪ್ರೋಟೀನ್ ಮುಂದೆ ಮತ್ತೆ ಬರುತ್ತದೆ.

ಕಾಲದ ವಿಷಯದಲ್ಲಿ ಒಂದು ಮಾತು. ಗಾಮಾದಿಂದ ಬೀಟಾಕ್ಕೆ ಬದಲಾಗುವುದು ಹೆರಿಗೆಯ ಕಾರಣದಿಂದ ಎಂದು ಯಾರಿಗಾದರೂ ತೋರುತ್ತದೆ. ಅವಧಿಗೆ ಮುನ್ನ ಹುಟ್ಟಿದ ಮಕ್ಕಳಲ್ಲಿ ನೋಡಿದರೆ ಹಾಗಿಲ್ಲ. ಎರಡು ತಿಂಗಳು ಮುಂಚೆ ಹೊರಬಂದ ಮಗುವಿನಲ್ಲಿ ಬದಲಾವಣೆ ಎರಡು ತಿಂಗಳು ಮುಂಚೆ ಆಗುವುದಿಲ್ಲ. ಗರ್ಭ ಧರಿಸಿದ ದಿನದಿಂದ ಎಣಿಸಿಕೊಂಡು ಬಂದ ಲೆಕ್ಕವೊಂದು ಆ ಕೋಶಗಳಲ್ಲಿದೆ, ಹೆರಿಗೆ ಕೋಣೆಯ ಗಡಿಯಾರ ಅವುಗಳಿಗೆ ಬೇಕಿಲ್ಲ. ಮಧುಮೇಹವಿರುವ ತಾಯಂದಿರ ಶಿಶುಗಳಲ್ಲಿ ಮಾತ್ರ ಈ ಬದಲಾವಣೆ ತಡವಾಗುತ್ತದೆ ಎಂದು 1985ರಲ್ಲಿ ಕಂಡುಬಂತು. ಅದರ ಜಾಡು ಹಿಡಿದು ಹೊರಟವರು ಬ್ಯುಟಿರೇಟ್ ಎಂಬ ಸರಳ ಕೊಬ್ಬಿನ ಆಮ್ಲವನ್ನು, ಅಲ್ಲಿಂದ ಹಿಸ್ಟೋನ್‌ಗಳ ಬಿಗಿ ಸಡಿಲಿಸುವ ಔಷಧಗಳನ್ನು ಪರೀಕ್ಷಿಸಿದರು. ಗಾಮಾ ಸ್ವಲ್ಪ ಮೇಲೆದ್ದಿತು. ಆದರೆ ಇಂತಹ ಔಷಧ ಒಂದು ಜೀನಿನ ಬಿಗಿಯನ್ನಷ್ಟೇ ಸಡಿಲಿಸಿ ಸುಮ್ಮನಿರುವುದಿಲ್ಲ, ಅದೇ ಅದರ ತೊಂದರೆ.

ಮೂವತ್ತಮೂರು ವರ್ಷ ಕಾದ ಆರು ಅಕ್ಷರಗಳು

ದೊಡ್ಡವರಾದ ಮೇಲೂ ಗಾಮಾ ನಿಲ್ಲದ ಜನರಿದ್ದಾರೆ. ಅವರ ರಕ್ತದಲ್ಲಿ ಶೇಕಡಾ 10, 20, ಕೆಲವರಲ್ಲಿ ಇನ್ನೂ ಹೆಚ್ಚು ಭ್ರೂಣದ ಹಿಮೋಗ್ಲೋಬಿನ್. ಯಾವ ತೊಂದರೆಯೂ ಇಲ್ಲ, ಬೇರೇನಕ್ಕೋ ರಕ್ತ ಪರೀಕ್ಷೆ ಮಾಡಿಸಿದಾಗ ತಿಳಿಯುತ್ತದೆ, ಅಷ್ಟೆ. ಸಿಕಲ್ ಸೆಲ್ ಜೀನ್ ಜೊತೆಗೆ ಈ ಗುಣವನ್ನೂ ಪಡೆದು ಹುಟ್ಟಿದವರಲ್ಲಿ ಕಾಯಿಲೆ ಬಹುಪಾಲು ಸುಮ್ಮನಿರುತ್ತದೆ. ಪ್ರಕೃತಿಯೇ ಮಾಡಿ ಮುಗಿಸಿದ ಪ್ರಯೋಗ ಎನ್ನಬಹುದು. ಗಾಮಾ ಮರಳಿ ಬಂದರೆ ದೇಹಕ್ಕೆ ಹಾನಿಯಿಲ್ಲ ಎಂಬ ಭರವಸೆ ವೈದ್ಯರಿಗೆ ಸಿಕ್ಕಿದ್ದು ಇವರಿಂದಲೇ.

1985ರಲ್ಲಿ ಫ್ರಾನ್ಸಿಸ್ ಕಾಲಿನ್ಸ್ ಮತ್ತು ಸಂಗಡಿಗರು ಈ ಗುಣವಿದ್ದ ಗ್ರೀಕರ ಗಾಮಾ ಜೀನನ್ನು ಓದಿದರು. ಇವರೇ ಮುಂದೆ ಮಾನವ ಜೀನೋಮ್ ಯೋಜನೆಯ ಮುಂದಾಳಾದ ಕಾಲಿನ್ಸ್. ಜೀನಿನ ಒಳಗೆ ಎಲ್ಲವೂ ಸರಿಯಿತ್ತು. ಬದಲಾವಣೆ ಇದ್ದದ್ದು ಜೀನ್ ಶುರುವಾಗುವ ಜಾಗಕ್ಕಿಂತ 117 ಅಕ್ಷರ ಹಿಂದೆ, ಪ್ರೊಮೋಟರ್ ಎಂಬ ಭಾಗದಲ್ಲಿ. ಅಲ್ಲಿ 'ಜಿ' ಇರಬೇಕಾದ ಕಡೆ 'ಎ' ಇತ್ತು. ನಂತರ ಸುತ್ತಮುತ್ತ, 114ರ ಬಳಿ, ಇನ್ನೊಂದು ಗುಂಪು 200ರ ಬಳಿ, ಹೀಗೆ ಬೇರೆ ಬೇರೆ ಕುಟುಂಬಗಳಲ್ಲಿ ಬೇರೆ ಬೇರೆ ಬದಲಾವಣೆಗಳು ಸಿಕ್ಕವು. ಒಂದೇ ಅಕ್ಷರ ಬದಲಾದರೆ ಗಾಮಾದ ಬಾಯಿ ಕಟ್ಟುವವರಿಗೆ ಹಿಡಿತ ತಪ್ಪುತ್ತದೆ ಎಂಬುದು ಸ್ಪಷ್ಟವಾಯಿತು. ಯಾರ ಹಿಡಿತ ಎಂಬುದು ಸ್ಪಷ್ಟವಾಗಲಿಲ್ಲ. ಉತ್ತರ ಬಂದದ್ದು 2018ರಲ್ಲಿ.

ಆ ವರ್ಷ ಎರಡು ತಂಡಗಳು, ಒಂದು ಬಾಸ್ಟನ್‌ನಿಂದ, ಇನ್ನೊಂದು ಸಿಡ್ನಿಯಿಂದ, ಅದನ್ನು ಬಿಡಿಸಿ ಹೇಳಿದವು. ಗಾಮಾದ ಪ್ರೊಮೋಟರ್‌ನಲ್ಲಿ 118ರಿಂದ 113ರವರೆಗೆ ಇರುವ ಆರು ಅಕ್ಷರಗಳು ಟಿ, ಜಿ, ಎ, ಸಿ, ಸಿ, ಎ. ಬಿಸಿಎಲ್11ಎ ಎಂಬ ಪ್ರೋಟೀನ್ ಈ ಆರನ್ನು ಗುರುತು ಹಿಡಿದು ಅಲ್ಲಿ ಕೂರುತ್ತದೆ. ಕೂತ ಮೇಲೆ ತನ್ನ ಜೊತೆಗಾರ ಪ್ರೋಟೀನುಗಳನ್ನು ಕರೆತಂದು ಹಿಸ್ಟೋನ್‌ಗಳನ್ನು ಬಿಗಿಗೊಳಿಸುತ್ತದೆ. ಗ್ರೀಕರಲ್ಲಿ ಕಂಡ ಬದಲಾವಣೆ ಸರಿಯಾಗಿ ಎರಡನೆಯ ಅಕ್ಷರದ್ದು. 'ಜಿ' ಹೋಗಿ 'ಎ' ಬಂದರೆ ಬಿಸಿಎಲ್11ಎಗೆ ಆ ವಿಳಾಸ ಗುರುತು ಸಿಗುವುದಿಲ್ಲ. 200ರ ಬಳಿ ಕೂರುವುದು ಝಡ್‌ಬಿಟಿಬಿ7ಎ ಎಂಬ ಇನ್ನೊಂದು ಪ್ರೋಟೀನ್, ಕೆಲಸ ಅದೇ. ಗಾಮಾಕ್ಕೆ ಒಬ್ಬರಲ್ಲ, ಇಬ್ಬರು ಕಾವಲುಗಾರರು.

ಯಾರೂ ಅನುಮಾನಿಸದ ಜೀನ್

ಬಿಸಿಎಲ್11ಎ ಈ ಕಥೆಯೊಳಗೆ ಬಂದದ್ದೇ ಅನಿರೀಕ್ಷಿತವಾಗಿ. ಅದನ್ನು ಮೊದಲು ಗುರುತಿಸಿದ್ದು ಬಿ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳ ಕ್ಯಾನ್ಸರ್‌ನಲ್ಲಿ, ಹಿಮೋಗ್ಲೋಬಿನ್ ಜೊತೆ ಅದಕ್ಕೆ ನಂಟಿದೆ ಎಂದು ಯಾರೂ ಭಾವಿಸಿರಲಿಲ್ಲ. 2007ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜಿನ ಸ್ವೀ ಲೇ ತೈನ್ ಅವರ ತಂಡ ಬೇರೊಂದು ದಾರಿ ಹಿಡಿಯಿತು. ಭ್ರೂಣದ ಹಿಮೋಗ್ಲೋಬಿನ್ ಇರುವ ಕಣಗಳು ತೀರ ಹೆಚ್ಚಿರುವ, ತೀರ ಕಡಿಮೆ ಇರುವ ಆರೋಗ್ಯವಂತರನ್ನು ಆರಿಸಿ, ಅವರ ಇಡೀ ಜೀನೋಮ್‌ನ ಉದ್ದಕ್ಕೂ ಎಲ್ಲಿ ವ್ಯತ್ಯಾಸವಿದೆ ಎಂದು ಹುಡುಕಿತು. ಯಾವ ಜೀನ್ ಎಂಬ ಪೂರ್ವಗ್ರಹ ಇಟ್ಟುಕೊಳ್ಳದೆ ನಡೆಸಿದ ಹುಡುಕಾಟ ಅದು. ಬೆರಳು ಬಂದು ನಿಂತದ್ದು 2ನೆಯ ವರ್ಣತಂತುವಿನ ಬಿಸಿಎಲ್11ಎ ಮೇಲೆ. ಮರುವರ್ಷ ಸಾರ್ಡೀನಿಯಾದ ಜನರಲ್ಲಿ ನಡೆಸಿದ ಅಧ್ಯಯನವೂ ಅಲ್ಲಿಗೇ ಬಂತು.

2008ರಲ್ಲೇ ಬಾಸ್ಟನ್‌ನಲ್ಲಿ ಸ್ಟುವರ್ಟ್ ಆರ್ಕಿನ್ ಅವರ ಪ್ರಯೋಗಾಲಯದಲ್ಲಿ ವಿಜಯ್ ಶಂಕರನ್ ಮತ್ತು ಜೊತೆಗಾರರು ದೊಡ್ಡವರ ರಕ್ತಮೂಲದ ಕೋಶಗಳಲ್ಲಿ ಬಿಸಿಎಲ್11ಎ ಪ್ರಮಾಣವನ್ನು ತಗ್ಗಿಸಿ ನೋಡಿದರು. ಗಾಮಾ ಏರಿತು. ಪ್ರೊಮೋಟರ್ ಮೇಲೆ ಅದು ಎಲ್ಲಿ ಕೂರುತ್ತದೆ ಎಂಬುದು ತಿಳಿಯಲು ಇನ್ನೂ ಹತ್ತು ವರ್ಷ ಬೇಕಿದ್ದರೂ ಬಾಯಿ ಕಟ್ಟುವುದು ಅದೇ ಎಂಬುದು ಅಂದೇ ಖಚಿತವಾಯಿತು. 2011ರಲ್ಲಿ ಅದೇ ಪ್ರಯೋಗಾಲಯ ಸಿಕಲ್ ಸೆಲ್ ಇರುವ ಇಲಿಗಳ ಕೆಂಪು ಕಣದ ವಂಶದಲ್ಲಿ ಮಾತ್ರ ಈ ಜೀನನ್ನು ತೆಗೆದುಹಾಕಿತು. ಕೆಟ್ಟ ಬೀಟಾ ಹಾಗೆಯೇ ಇದ್ದರೂ ಇಲಿಗಳ ರಕ್ತ ಸರಿಹೋಯಿತು.

ಹಾಗಾದರೆ ಗರ್ಭದಲ್ಲಿರುವಾಗ ಬಿಸಿಎಲ್11ಎ ಏಕೆ ಸುಮ್ಮನಿರುತ್ತದೆ? ಇದಕ್ಕೆ ಸಿಕ್ಕ ಒಂದು ಉತ್ತರ ನನಗೆ ಬಹಳ ಇಷ್ಟ, ಏಕೆಂದರೆ ಜೀನ್ ಹತೋಟಿ ಡಿಎನ್‌ಎ ಬಳಿಯೇ ಮುಗಿಯುವುದಿಲ್ಲ ಎಂದು ಅದು ತೋರಿಸುತ್ತದೆ. ಶಂಕರನ್ ಅವರ ತಂಡ 2020ರಲ್ಲಿ ಕಂಡುಕೊಂಡಂತೆ, ನವಜಾತ ಶಿಶುವಿನ ಕೋಶಗಳಲ್ಲಿ ಬಿಸಿಎಲ್11ಎ ಜೀನ್‌ನಿಂದ ಸಂದೇಶವಾಹಕ ಆರ್‌ಎನ್‌ಎ ತಯಾರಾಗಿರುತ್ತದೆ. ಆದರೆ ಲಿನ್28ಬಿ ಎಂಬ ಪ್ರೋಟೀನ್ ಆ ಆರ್‌ಎನ್‌ಎಯನ್ನು ಹಿಡಿದುಕೊಂಡು ಅದು ಪ್ರೋಟೀನ್ ಆಗದಂತೆ ತಡೆಯುತ್ತದೆ. ಆದೇಶ ಬರೆದಾಗಿದೆ, ಜಾರಿಯಾಗಿಲ್ಲ. ಮಗು ಬೆಳೆದಂತೆ ಲಿನ್28ಬಿ ಮರೆಯಾಗುತ್ತದೆ, ಬಿಸಿಎಲ್11ಎ ಪ್ರೋಟೀನ್ ತುಂಬಿಕೊಳ್ಳುತ್ತದೆ, ಗಾಮಾ ಬಾಯಿ ಮುಚ್ಚುತ್ತದೆ. ಹತ್ತಿಕ್ಕುವವನನ್ನು ಹತ್ತಿಕ್ಕುವವನು, ಅವನು ಹೋದ ಮೇಲೆ ಇವನ ದರ್ಬಾರು.

ಕತ್ತರಿ ಹಾಕುವುದು ಎಲ್ಲಿ

ಇಷ್ಟು ತಿಳಿದ ಮೇಲೆ ಬಿಸಿಎಲ್11ಎ ಜೀನನ್ನೇ ಕತ್ತರಿಸಿ ಹಾಕಬಹುದಿತ್ತಲ್ಲ ಎನ್ನಿಸುತ್ತದೆ. ಕತ್ತರಿಸಿದ್ದರೆ ಅನಾಹುತವಾಗುತ್ತಿತ್ತು. ಈ ಜೀನ್ ಪೂರ್ತಿ ಇಲ್ಲದ ಇಲಿಮರಿಗಳು ಹುಟ್ಟಿದ ಕೂಡಲೇ ಸಾಯುತ್ತವೆ. ಬಿ ಲಿಂಫೋಸೈಟ್‌ಗಳು ರೂಪುಗೊಳ್ಳಲು ಅದು ಬೇಕು, ಮೆದುಳಿನ ಬೆಳವಣಿಗೆಗೆ ಬೇಕು, ಎಲ್ಲ ರಕ್ತಕಣಗಳನ್ನೂ ಹುಟ್ಟಿಸುವ ಕಾಂಡಕೋಶಗಳು ಬಾಳಿಕೆ ಬರಲೂ ಬೇಕು. ಬಿಸಿಎಲ್11ಎಯ ಎರಡು ಪ್ರತಿಗಳಲ್ಲಿ ಒಂದು ಇಲ್ಲದೆ ಹುಟ್ಟಿದ ಮಕ್ಕಳಿದ್ದಾರೆ. ಅವರ ಬೌದ್ಧಿಕ ಬೆಳವಣಿಗೆ ಕುಂಠಿತವಾಗಿರುತ್ತದೆ, ಜೊತೆಗೆ ಅವರ ರಕ್ತದಲ್ಲಿ ಭ್ರೂಣದ ಹಿಮೋಗ್ಲೋಬಿನ್ ಹೆಚ್ಚಾಗಿ ಉಳಿದಿರುತ್ತದೆ. ಎರಡು ಬೇರೆ ಬೇರೆ ಅಂಗಗಳಲ್ಲಿ ಒಂದೇ ಪ್ರೋಟೀನ್ ಮಾಡುವ ಎರಡು ಬೇರೆ ಕೆಲಸಗಳು ಒಂದೇ ಮಗುವಿನಲ್ಲಿ ಕಾಣುವುದು ಹೀಗೆ.

ದಾರಿ ತೆರೆದದ್ದು 2007ರ ಹುಡುಕಾಟದ ಒಂದು ವಿವರ. ಆರೋಗ್ಯವಂತರಲ್ಲಿ ಕಂಡ ಆ ವ್ಯತ್ಯಾಸಗಳು ಬಿಸಿಎಲ್11ಎ ಪ್ರೋಟೀನಿನ ರಚನೆಯನ್ನು ಬದಲಿಸುತ್ತಿರಲಿಲ್ಲ. ಅವು ಜೀನಿನ ಇಂಟ್ರಾನ್ ಎಂಬ ಭಾಗದಲ್ಲಿ, ಅಂದರೆ ಆರ್‌ಎನ್‌ಎ ತಯಾರಾದ ಮೇಲೆ ಕತ್ತರಿಸಿ ಬಿಸಾಡುವ ತುಂಡಿನಲ್ಲಿ ಇದ್ದವು. ಸುಮಾರು ಒಂದು ಲಕ್ಷ ಅಕ್ಷರ ಉದ್ದದ ಜೀನಿನಲ್ಲಿ ಬಹುಪಾಲು ಇಂತಹ ಇಂಟ್ರಾನ್‌ಗಳೇ. ಹಿಂದಿನ ಕಾಲದಲ್ಲಾಗಿದ್ದರೆ ಕಸ ಎಂದು ಬಿಟ್ಟುಬಿಡುತ್ತಿದ್ದರೇನೋ. 2013ರಲ್ಲಿ ಡೇನಿಯಲ್ ಬಾಯರ್, ಆರ್ಕಿನ್ ಮತ್ತಿತರರು ಎರಡನೆಯ ಇಂಟ್ರಾನ್‌ನಲ್ಲಿ ಒಂದು ಎನ್ಹಾನ್ಸರ್ ಇದೆ ಎಂದು ತೋರಿಸಿದರು. ಎನ್ಹಾನ್ಸರ್ ಎಂದರೆ ಪ್ರೋಟೀನುಗಳು ಬಂದು ಕೂತು ಜೀನಿನ ಓದಿಗೆ ಚುರುಕು ಕೊಡುವ ಡಿಎನ್‌ಎ ತುಣುಕು. ಜೀನ್ ಶುರುವಾಗುವ ಜಾಗದಿಂದ 55, 58 ಮತ್ತು 62 ಸಾವಿರ ಅಕ್ಷರ ದೂರದಲ್ಲಿ ಅದರ ಮೂರು ತುಂಡುಗಳಿವೆ.

ಆ ಪ್ರಬಂಧದ ಒಂದು ಪ್ರಯೋಗವನ್ನು ಇಲ್ಲಿ ಹೇಳಲೇಬೇಕು, ಏಕೆಂದರೆ ಚಿಕಿತ್ಸೆಯ ಭವಿಷ್ಯ ನಿಂತಿದ್ದು ಅದರ ಮೇಲೆ. ಇಲಿಯ ಎರಡು ಬಗೆಯ ಕೋಶಗಳನ್ನು ತೆಗೆದುಕೊಂಡರು. ಒಂದು ಕೆಂಪು ಕಣದ ವಂಶದ್ದು, ಇನ್ನೊಂದು ಬಿ ಲಿಂಫೋಸೈಟ್ ವಂಶದ್ದು. ಎರಡರಲ್ಲೂ ಬಿಸಿಎಲ್11ಎ ಧಾರಾಳವಾಗಿ ತಯಾರಾಗುತ್ತಿತ್ತು. ಎರಡರಿಂದಲೂ ಆ ಎನ್ಹಾನ್ಸರ್ ತುಣುಕನ್ನು ಕತ್ತರಿಸಿ ತೆಗೆದರು. ಕೆಂಪು ಕಣದ ವಂಶದಲ್ಲಿ ಬಿಸಿಎಲ್11ಎ ಹೆಚ್ಚುಕಡಿಮೆ ಇಲ್ಲವಾಯಿತು. ಬಿ ಕೋಶಕ್ಕೆ ಏನೂ ಆಗಲಿಲ್ಲ. ಜೀನ್ ಒಂದೇ ಆದರೂ ಅದನ್ನು ನಡೆಸುವ ತುಣುಕುಗಳು ಅಂಗಕ್ಕೊಂದು. ಮೆದುಳು ಒಂದರಿಂದ ನಡೆಸಿಕೊಳ್ಳುತ್ತದೆ, ರಕ್ತ ಇನ್ನೊಂದರಿಂದ. ಇಡೀ ಬೀದಿಯ ಟ್ರಾನ್ಸ್‌ಫಾರ್ಮರ್ ಇಳಿಸದೆ ಒಂದೇ ಮನೆಯ ಫ್ಯೂಸ್ ಕಿತ್ತ ಹಾಗೆ.

2015ರಲ್ಲಿ ಇದೇ ಗುಂಪು ಕ್ರಿಸ್ಪರ್ ಬಳಸಿ ಆ ಎನ್ಹಾನ್ಸರ್‌ನ ಉದ್ದಕ್ಕೂ ಒಂದೊಂದೇ ಜಾಗದಲ್ಲಿ ಕತ್ತರಿ ಹಾಕುತ್ತ ಹೋಯಿತು. ಯಾವ ಜಾಗ ಕೆಟ್ಟರೆ ಗಾಮಾ ಅತಿ ಹೆಚ್ಚು ಏಳುತ್ತದೆ ಎಂದು ನೋಡುವುದು ಉದ್ದೇಶ. 58 ಸಾವಿರದ ಬಳಿಯ ತುಂಡಿನಲ್ಲಿ, ಗಾಟಾ-1 ಬಂದು ಕೂರುವ ಕೆಲವೇ ಅಕ್ಷರಗಳ ಜಾಗದಲ್ಲಿ ಉತ್ತರ ಸಿಕ್ಕಿತು. ಕೆಂಪು ಕಣದ ಜೀನ್‌ಗಳನ್ನು ತೆರೆಯುವ ಅದೇ ಗಾಟಾ-1, ಇಲ್ಲಿ ಗಾಮಾವನ್ನು ಮುಚ್ಚುವವನಿಗೆ ಬಲ ಕೊಡುತ್ತಿದೆ. ಮೆದುಳಿನ ಕೋಶದಲ್ಲಿ ಗಾಟಾ-1 ಇಲ್ಲ, ಹಾಗಾಗಿ ಅಲ್ಲಿ ಆ ಅಕ್ಷರಗಳು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಕ್ಯಾಸ್‌ಜೆವಿಯ ಕತ್ತರಿ ಬೀಳುವುದು ಸರಿಯಾಗಿ ಅಲ್ಲಿಗೆ. ಕ್ಯಾಸ್-9 ಕಿಣ್ವ ಡಿಎನ್‌ಎಯ ಎರಡೂ ಎಳೆಗಳನ್ನು ತುಂಡರಿಸುತ್ತದೆ. ಕೋಶ ಗಡಿಬಿಡಿಯಲ್ಲಿ ತುದಿಗಳನ್ನು ಜೋಡಿಸುತ್ತದೆ, ಜೋಡಿಸುವಾಗ ಒಂದೆರಡು ಅಕ್ಷರ ಕಳೆದುಕೊಳ್ಳುತ್ತದೆ ಅಥವಾ ಸೇರಿಸುತ್ತದೆ. ಹೊಸದಾಗಿ ಏನನ್ನೂ ಬರೆಯಬೇಕಿಲ್ಲ. ಕೆಟ್ಟ ಅಕ್ಷರವನ್ನು ಸರಿಯಾದ ಅಕ್ಷರದಿಂದ ಬದಲಿಸುವುದು ಕ್ರಿಸ್ಪರ್‌ಗೆ ಕಷ್ಟದ ಕೆಲಸ, ಕೆಡಿಸುವುದು ಸುಲಭ. ಕೆಡಿಸಿದರೆ ಸಾಕು ಎನ್ನುವಂತಹ ಜಾಗವನ್ನು ಹುಡುಕಿಕೊಂಡದ್ದೇ ಇಲ್ಲಿಯ ಜಾಣತನ.

ಮಿಸಿಸಿಪ್ಪಿಯ ಮಹಿಳೆ

ಅಮೆರಿಕದಲ್ಲಿ ಈ ಚಿಕಿತ್ಸೆ ಪಡೆದ ಮೊದಲ ಸಿಕಲ್ ಸೆಲ್ ರೋಗಿ ವಿಕ್ಟೋರಿಯಾ ಗ್ರೇ, ಮಿಸಿಸಿಪ್ಪಿ ರಾಜ್ಯದ ಫಾರೆಸ್ಟ್ ಎಂಬ ಊರಿನವರು, ನಾಲ್ಕು ಮಕ್ಕಳ ತಾಯಿ. ತಮ್ಮ ಕಥೆಯನ್ನು ಅವರೇ ಮುಂದೆ ಬಂದು ಜಗತ್ತಿಗೆ ಹೇಳಿದವರು. 2019ರ ಜುಲೈನಲ್ಲಿ ನ್ಯಾಶ್‌ವಿಲ್‌ನಲ್ಲಿ ಅವರದೇ ತಿದ್ದಿದ ಕೋಶಗಳನ್ನು ಅವರಿಗೆ ಮರಳಿ ಕೊಟ್ಟರು. ಅದಕ್ಕೆ ಮೊದಲು ರಕ್ತದಿಂದ ಕಾಂಡಕೋಶಗಳನ್ನು ಸೋಸಿ ತೆಗೆದು ಪ್ರಯೋಗಾಲಯಕ್ಕೆ ಕಳಿಸಬೇಕು. ತಿದ್ದಿದ ಕೋಶಗಳು ತಿರುಗಿ ಬಂದ ಮೇಲೆ, ಅವುಗಳಿಗೆ ಜಾಗ ಮಾಡಿಕೊಡಲು ಬುಸಲ್ಫಾನ್ ಎಂಬ ಕಟು ಔಷಧದಿಂದ ಅಸ್ಥಿಮಜ್ಜೆಯ ಹಳೆಯ ಕೋಶಗಳನ್ನು ಕೊಲ್ಲಬೇಕು. ಬಾಯಿ ಹುಣ್ಣು, ಕೂದಲು ಉದುರುವುದು, ಸೋಂಕಿನ ಭಯ, ಮಕ್ಕಳಾಗದೆ ಹೋಗುವ ಅಪಾಯ ಎಲ್ಲವೂ ಇದರ ಜೊತೆಗೇ ಬರುತ್ತವೆ. ಕತ್ತರಿಯ ಕೆಲಸ ಎಷ್ಟು ನಾಜೂಕೋ ಅದರ ಸುತ್ತಲಿನ ಕೆಲಸ ಅಷ್ಟೇ ಒರಟು.

ಚಿಕಿತ್ಸೆಗೆ ಮುಂಚೆ ಅವರಿಗೆ ವರ್ಷಕ್ಕೆ ಸರಾಸರಿ ಏಳು ಬಾರಿ ತೀವ್ರ ನೋವಿನ ಬಿಕ್ಕಟ್ಟು ಬರುತ್ತಿತ್ತು. ಭ್ರೂಣದ ಹಿಮೋಗ್ಲೋಬಿನ್ ಶೇಕಡಾ 9.1 ಇತ್ತು. ಹದಿನೈದು ತಿಂಗಳ ನಂತರ ಅದು ಶೇಕಡಾ 43.2 ಆಗಿತ್ತು. ಒಟ್ಟು ಹಿಮೋಗ್ಲೋಬಿನ್ 7.2ರಿಂದ 12 ಗ್ರಾಂಗೆ ಏರಿತ್ತು. ಆ ಅವಧಿಯಲ್ಲಿ ಒಂದೂ ಬಿಕ್ಕಟ್ಟು ಬರಲಿಲ್ಲ. ಈ ಅಂಕಿಗಳಲ್ಲಿ ಗಮನಿಸಬೇಕಾದದ್ದು ಉಳಿದ ಪಾಲು. ಅವರ ಹಿಮೋಗ್ಲೋಬಿನ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಇನ್ನೂ ಸಿಕಲ್ ಬಗೆಯದೇ. ಕಾಯಿಲೆ ಅಡಗಿದ್ದು ಗಾಮಾ ಬಹುತೇಕ ಎಲ್ಲ ಕಣಗಳಲ್ಲೂ ಬೆರೆತು ನಿಂತದ್ದರಿಂದ. ಕೆಲವು ಕಣಗಳಲ್ಲಿ ತುಂಬ ಗಾಮಾ, ಮಿಕ್ಕವುಗಳಲ್ಲಿ ಸೊನ್ನೆ ಎಂದಾಗಿದ್ದರೆ ಇದೇ ಸರಾಸರಿಯಿಂದ ಇಷ್ಟು ಪ್ರಯೋಜನವಾಗುತ್ತಿರಲಿಲ್ಲ. ಎಫ್‌ಡಿಎ ಅನುಮತಿ ಕೊಡುವ ಹೊತ್ತಿಗೆ ಲೆಕ್ಕಕ್ಕೆ ಸಿಕ್ಕ 31 ರೋಗಿಗಳಲ್ಲಿ 29 ಮಂದಿ ಕನಿಷ್ಠ ಒಂದು ವರ್ಷ ಸತತವಾಗಿ ತೀವ್ರ ಬಿಕ್ಕಟ್ಟಿಲ್ಲದೆ ಕಳೆದಿದ್ದರು.

ನೀಲಗಿರಿಯಿಂದ ಬಿಳಿಗಿರಿಯವರೆಗೆ

ಭಾರತದಲ್ಲಿ ಸಿಕಲ್ ಹಿಮೋಗ್ಲೋಬಿನ್ ಇದೆ ಎಂದು ಮೊದಲು ವರದಿಯಾದದ್ದು 1952ರಲ್ಲಿ, ನೀಲಗಿರಿಯ ಗಿರಿಜನರಲ್ಲಿ. ಕರ್ನಾಟಕದಲ್ಲೂ ಚಾಮರಾಜನಗರ, ಮೈಸೂರು, ಕೊಡಗಿನ ಕಾಡಂಚಿನ ಸೋಲಿಗ, ಜೇನುಕುರುಬರಂತಹ ಸಮುದಾಯಗಳಲ್ಲಿ ಈ ಜೀನ್ ಇದೆ. ನಮ್ಮಲ್ಲಿಯ ಸಿಕಲ್ ಜೀನ್ ಆಫ್ರಿಕಾದಿಂದ ಬಂದದ್ದಲ್ಲ, ಅದೇ ಅಕ್ಷರ ಏಷ್ಯಾದಲ್ಲಿ ಬೇರೆಯಾಗಿಯೇ ಬದಲಾಯಿತು ಎಂದು 1980ರ ದಶಕದ ಅಧ್ಯಯನಗಳು ವಾದಿಸಿದವು. ಸೌದಿ ಅರೇಬಿಯಾದ ಪೂರ್ವ ಪ್ರಾಂತ್ಯದಲ್ಲೂ ಭಾರತದಲ್ಲೂ ಕಾಣುವ ಈ ಬಗೆಯ ವರ್ಣತಂತುವಿನಲ್ಲಿ ಗಾಮಾ ಜೀನಿನ ಹಿಂದೆ 158ನೆಯ ಅಕ್ಷರ ಬದಲಾಗಿದೆ. ಅದರ ಜೊತೆಗೆ ಭ್ರೂಣದ ಹಿಮೋಗ್ಲೋಬಿನ್ ಹೆಚ್ಚಾಗಿಯೇ ಉಳಿಯುತ್ತದೆ. ಒಡಿಶಾದ ರೋಗಿಗಳಲ್ಲಿ 1986ರಲ್ಲೇ ಇದನ್ನು ದಾಖಲಿಸಿದ್ದರು. ಹಾಗೆಂದು ನಮ್ಮ ಸಿಕಲ್ ಸೆಲ್ ಎಲ್ಲ ಕಡೆ ಸೌಮ್ಯ ಎಂದು ತಿಳಿಯುವುದು ತಪ್ಪು. ನಾಗಪುರದ ಕಡೆಯ ಮಕ್ಕಳಲ್ಲಿ ತೀವ್ರ ಕಾಯಿಲೆಯೇ ಕಂಡಿದೆ.

2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ಶುರುವಾದ ರಾಷ್ಟ್ರೀಯ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನ 17 ರಾಜ್ಯಗಳ 7 ಕೋಟಿ ಜನರ ತಪಾಸಣೆಯ ಗುರಿ ಇಟ್ಟುಕೊಂಡಿದೆ, ಕರ್ನಾಟಕವೂ ಅದರಲ್ಲಿದೆ. ತಪಾಸಣೆಯಲ್ಲಿ ಸಿಕ್ಕವರಿಗೆ ಇಂದು ಕೈಗೆಟಕುವ ಔಷಧ ಹೈಡ್ರಾಕ್ಸಿಯೂರಿಯಾ ಮಾತ್ರೆ. ಕ್ಯಾನ್ಸರ್‌ಗೆಂದು ಇದ್ದ ಈ ಹಳೆಯ ಔಷಧ ನೋವಿನ ಬಿಕ್ಕಟ್ಟುಗಳನ್ನು ತಗ್ಗಿಸುತ್ತದೆ ಎಂದು 1995ರಲ್ಲಿ ದೊಡ್ಡ ಪ್ರಯೋಗವೊಂದು ಖಚಿತಪಡಿಸಿತು. ಅದು ಮಾಡುವ ಮುಖ್ಯ ಕೆಲಸವೂ ಗಾಮಾವನ್ನು ಎಬ್ಬಿಸುವುದೇ, ಆದರೆ ಕತ್ತಲಲ್ಲಿ ಬೀಸಿದ ಕೋಲಿನಂತೆ, ಒಬ್ಬರಲ್ಲಿ ಚೆನ್ನಾಗಿ, ಇನ್ನೊಬ್ಬರಲ್ಲಿ ಅಷ್ಟಕ್ಕಷ್ಟೆ. ಕ್ಯಾಸ್‌ಜೆವಿಗೆ ಅಮೆರಿಕದಲ್ಲಿ ನಿಗದಿಯಾದ ಬೆಲೆ 22 ಲಕ್ಷ ಡಾಲರ್, ಅಂದಿನ ಲೆಕ್ಕದಲ್ಲಿ 18 ಕೋಟಿ ರೂಪಾಯಿಗೂ ಮೇಲೆ. ಬಿಳಿಗಿರಿರಂಗನ ಬೆಟ್ಟದ ಪೋಡಿನಲ್ಲಿರುವ ರೋಗಿಗೆ ಆ ಅಂಕಿಗೆ ಅರ್ಥವೇ ಇಲ್ಲ. ಬೆಲೆ ಇಳಿದರೂ ಬುಸಲ್ಫಾನ್ ಕೊಟ್ಟು ತಿಂಗಳುಗಟ್ಟಲೆ ಆರೈಕೆ ಮಾಡುವ ವಾರ್ಡು ಬೇಕಲ್ಲ. ಮಾತ್ರೆ ತಪ್ಪದೆ ಸಿಗುವಂತೆ ನೋಡಿಕೊಳ್ಳುವುದೇ ಸದ್ಯ ಹೆಚ್ಚು ಜೀವ ಉಳಿಸುವ ಕೆಲಸ ಎಂದು ನನಗನ್ನಿಸುತ್ತದೆ.

ಹಾಗಾಗಿಯೇ ಸಂಶೋಧಕರ ಕಣ್ಣು ಈಗ ಗುಳಿಗೆಯ ಮೇಲಿದೆ. ಗಾಮಾವನ್ನು ಹತ್ತಿಕ್ಕುವ ಪ್ರೋಟೀನುಗಳನ್ನು ಕೋಶದ ಒಳಗೇ ಪುಡಿ ಮಾಡಿಸುವ ಪುಟ್ಟ ಅಣುವೊಂದನ್ನು ನುಂಗಿಸಿದರೆ ಕತ್ತರಿಯೂ ಬೇಡ, ಬುಸಲ್ಫಾನೂ ಬೇಡ. 2024ರಲ್ಲಿ ನೊವಾರ್ಟಿಸ್ ಕಂಪನಿಯ ವಿಜ್ಞಾನಿಗಳು ವಿಜ್ ಎಂಬ ಇಂತಹ ಇನ್ನೊಂದು ಪ್ರೋಟೀನನ್ನು ಗುರುತಿಸಿ, ಅದನ್ನು ಪುಡಿ ಮಾಡಿಸುವ ಅಣು ಇಲಿ ಮತ್ತು ಕೋತಿಗಳಲ್ಲಿ ಭ್ರೂಣದ ಹಿಮೋಗ್ಲೋಬಿನ್ ಏರಿಸುತ್ತದೆ ಎಂದು ಪ್ರಕಟಿಸಿದರು. ಆದರೆ ನುಂಗಿದ ಗುಳಿಗೆ ಅಸ್ಥಿಮಜ್ಜೆಗಷ್ಟೇ ಹೋಗಿ ನಿಲ್ಲುವುದಿಲ್ಲ. ಎನ್ಹಾನ್ಸರ್ ತುಣುಕು ಕೊಟ್ಟಿದ್ದ ಅನುಕೂಲ, ಅಂದರೆ ರಕ್ತದಲ್ಲಿ ಮಾತ್ರ ಕೆಲಸ ಮಾಡಿ ಮೆದುಳನ್ನೂ ಬಿ ಕೋಶವನ್ನೂ ಮುಟ್ಟದೆ ಬಿಡುವ ಅನುಕೂಲ, ಗುಳಿಗೆಗೆ ಇಲ್ಲ. ಪುಡಿಯಾಗುವ ಪ್ರೋಟೀನ್ ಬೇರೆ ಅಂಗಗಳಲ್ಲಿ ಏನು ಮಾಡುತ್ತಿತ್ತು, ಅದಿಲ್ಲದೆ ಅವು ವರ್ಷಗಟ್ಟಲೆ ಹೇಗೆ ನಡೆಯುತ್ತವೆ ಎಂಬುದನ್ನು ಒಂದೊಂದಾಗಿ ನೋಡಿಯೇ ಮುಂದೆ ಹೋಗಬೇಕು.